ಕಲ್ಲೊಡೆಯುವ ವಿದ್ಯೆ: ಹೊಸ ಅಭ್ಯಾಸಿಗಳಿಗೆ ನಾಲ್ಕು ಮಾತು

೧

ಇತಿಹಾಸವೆಂದೊಡನೆ ನಮ್ಮ ಸೀಮೆಯ ಸುಶಿಕ್ಷಿತರ ಕಣ್ಣಮುಂದೆ ನಿಲ್ಲುವದು ಬರೆದ ಕಲ್ಲು. ಹಾವೇರಿಯ ಸಿದ್ಧೇಶ್ವರ, ಗಳಗನಾಥದ ಗಳಗೇಶ್ವರ, ರಾಣೇಬೆನ್ನೂರು ತಾಲೂಕಿನ ಚೌಡದಾನಪುರದ ಮುಕ್ತೇಶ್ವರ, ಈ ದೇವಾಲಯಗಳನ್ನು ಕಂಡು ಅಲ್ಲಿಯ ಶಿಲಾಶಾಸನಗಳ ಸಂಗತಿಯನ್ನು ಕೇಳಿ ಬಲ್ಲ ಮನೆತನಗಳು ಇಲ್ಲಿ ಅನೇಕವಾಗಿವೆ. ಶಾಸನದ ಒಂದು ಸಾಲು ಸವೆದುಹೋದರೆ ಮರುಗುವವರೂ, ಹೊಲದ ಬದುವಿನಲ್ಲಿ ವೀರಗಲ್ಲು ಬಿದ್ದಿದ್ದರೆ ಎತ್ತಿ ನಿಲ್ಲಿಸುವವರೂ ನಮ್ಮಲ್ಲಿ ಇದ್ದಾರೆ. ಇದು ಹೆಮ್ಮೆಯ ಮಾತೇ ಸರಿ. ಆದರೆ ಅಕ್ಷರವು ಹುಟ್ಟುವದಕ್ಕಿಂತ ಲಕ್ಷಾಂತರ ವರ್ಷಗಳ ಮೊದಲೇ ಮನುಷ್ಯನು ಕಲ್ಲಿನ ಮೇಲೆ ತನ್ನ ಕೈಯ ಗುರುತನ್ನು ಬಿಟ್ಟಿದ್ದಾನೆ. ಆ ಗುರುತು ಉಳಿಯ ಗೆರೆಯಲ್ಲ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲನ್ನು ಹೊಡೆದು ಚಕ್ಕೆಯೆಬ್ಬಿಸಿದಾಗ ಉಳಿದ ಗುರುತು. ಅದನ್ನು ಓದಬಲ್ಲವರು ನಮ್ಮಲ್ಲಿ ತೀರ ಕಡಿಮೆ. ಓದಲಾರದ ಕಾರಣ ಅಂಥ ಕಲ್ಲುಗಳು ಗಾಡಿಗಟ್ಟಲೆ ಖಡಿಯಾಗಿ ರಸ್ತೆಗೂ ಪಾಯಕ್ಕೂ ಹೋಗುತ್ತವೆ, ಯಾರೂ ಮರುಗುವದಿಲ್ಲ.

ಈ ಓದನ್ನು ಕಲಿಯುವದಕ್ಕೆ ಪುಸ್ತಕವು ಸಾಲದು. ಕೈಯಲ್ಲಿ ಕಲ್ಲು ಹಿಡಿದು ತಾನೇ ಒಡೆದು ನೋಡುವದು ಅದಕ್ಕೆ ಹತ್ತಿರದ ದಾರಿ. ಹಳೆಯ ಶಿಲಾಯುಧಗಳ ರೀತಿಯಲ್ಲಿಯೇ ಹೊಸ ಕಲ್ಲನ್ನು ಒಡೆದು ಆಯುಧ ಮಾಡುವ ಅಭ್ಯಾಸವು ಇಂದು ಹಲವು ದೇಶಗಳಲ್ಲಿ ಪಂಡಿತರಿಗೂ ಹವ್ಯಾಸಿಗಳಿಗೂ ಸಾಮಾನ್ಯವಾಗಿದೆ. ನಮ್ಮ ಊರುಗಳಲ್ಲಿ ಒಬ್ಬ ವಿದ್ಯಾರ್ಥಿಯು ಹಿತ್ತಲಿನಲ್ಲಿ ಕುಳಿತು ಕಲ್ಲು ಕುಟ್ಟತೊಡಗಿದರೆ ಮನೆಯ ಹಿರಿಯರು ನಗಬಹುದು. ನಾಲ್ಕು ದಿನಗಳಲ್ಲಿ ಒಂದೂ ನೆಟ್ಟಗಾಗದೆ ಅವನೇ ಬೇಸತ್ತು ಬಿಡಲೂಬಹುದು. ನಗುವವರಿಗೂ ಬಿಡುವವರಿಗೂ ಕೂಡಿಯೇ ಈ ಲೇಖನ. ಹೊಸಬನ ಕೆಟ್ಟ ಹೊಡೆತಕ್ಕೂ ಇತಿಹಾಸದಲ್ಲಿ ಸ್ಥಾನವಿದೆಯೆಂಬದನ್ನು ಇಲ್ಲಿ ತೋರಿಸಬೇಕಾಗಿದೆ.

೨

ಮೊದಲು ನಮ್ಮ ನಾಡಿನ ಸಂಗತಿಯನ್ನು ನೋಡೋಣ. ಕರ್ನಾಟಕದ ಕಲ್ಲಾಯುಧಗಳು ವಿದ್ವಾಂಸರ ಲಕ್ಷ್ಯಕ್ಕೆ ಬಂದು ಬಹುಕಾಲವಾಯಿತು. ೧೮೪೨ರಲ್ಲಿಯೇ ಡಾ. ಪ್ರಿಮ್ರೋಜ್ ಎಂಬವರು ಲಿಂಗಸೂಗೂರಿನಲ್ಲಿ ಕಲ್ಲಿನ ಚಾಕುಗಳನ್ನೂ ಬಾಣದ ಮೊನೆಗಳನ್ನೂ ಕಂಡಿದ್ದರು. ಆದರೆ ಈ ಶಾಸ್ತ್ರಕ್ಕೆ ಭದ್ರವಾದ ಅಡಿಗಲ್ಲನ್ನು ಹಾಕಿದವರು ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅವರು. ೧೮೬೩ನೆಯ ಇಸವಿ ಮೇ ೩೦ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಹಳೆಯ ಶಿಲಾಯುಗದ ಮೊದಲನೆಯ ಆಯುಧವು ದೊರೆಯಿತು. ಆ ಬಳಿಕ ಅವರು ನಮ್ಮ ಭಾಗಕ್ಕೂ ಬಂದರು. ಮಲಪ್ರಭೆಯ ಕಣಿವೆಯಲ್ಲಿ, ಬಾದಾಮಿಯ ಆಸುಪಾಸಿನ ಖ್ಯಾಡದಂಥ ಊರುಗಳ ಬಳಿ, ಬೆಣಚುಶಿಲೆಯ ಕೈಗೊಡಲಿಗಳನ್ನು ಗುರುತಿಸಿದರು. ದಕ್ಷಿಣ ಮಹಾರಾಷ್ಟ್ರ ಪ್ರಾಂತವೆಂದು ಅಂದಿನ ಸರಕಾರವು ಕರೆಯುತ್ತಿದ್ದ ಈ ಸೀಮೆಯ ಭೂರಚನೆಯನ್ನು ಕುರಿತ ಅವರ ದೊಡ್ಡ ವರದಿಯು ೧೮೭೬ರಲ್ಲಿ ಪ್ರಕಟವಾಯಿತು. ಬಳ್ಳಾರಿಯ ಹತ್ತಿರದ ಸಂಗನಕಲ್ಲು ಹಾಗೂ ಕಪ್ಪಗಲ್ಲುಗಳ ಗುಡ್ಡಗಳಲ್ಲಿ ಕೊಡಲಿ ಮಾಡುವ ದೊಡ್ಡ ಕಮ್ಮಟವೇ ಇದ್ದಿತೆಂಬದನ್ನೂ ಅವರು ಬರೆದಿಟ್ಟರು.

ಫೂಟ್ ಅವರು ನೆಲದ ಮೇಲೆ ಬಿದ್ದ ಕಲ್ಲುಗಳ ರಾಶಿಯಲ್ಲಿ ಮನುಷ್ಯನು ಒಡೆದುದಾವುದು, ತಾನಾಗಿ ಒಡೆದುದಾವುದು ಎಂಬದನ್ನು ಹೇಗೆ ಬೇರ್ಪಡಿಸಿದರು? ಕಲ್ಲು ಒಡೆಯುವ ರೀತಿಯನ್ನು ಬಲ್ಲ ಭೂವಿಜ್ಞಾನಿಯ ಕಣ್ಣು ಅವರಿಗೆ ಇದ್ದಿತು. ಆ ಕಣ್ಣನ್ನು ಇಂದು ನಾವು ಸಂಪಾದಿಸಬೇಕಾದರೆ ಒಡೆಯುವದನ್ನೇ ಕಲಿಯಬೇಕು.

ಇನ್ನು ನಮ್ಮ ಜಿಲ್ಲೆಯ ಮಾತು. ತುಂಗಭದ್ರೆಯ ಎಡದಂಡೆಯ ಮೇಲಿರುವ ಹಳ್ಳೂರು ಹಾವೇರಿ ಜಿಲ್ಲೆಗೆ ಸೇರಿದ್ದು. ೧೯೯೭ರಲ್ಲಿ ಹಾವೇರಿಯು ಬೇರೆ ಜಿಲ್ಲೆಯಾದ ಕಾರಣ ಹಳೆಯ ಗ್ರಂಥಗಳಲ್ಲಿ ಇದನ್ನು ಧಾರವಾಡ ಜಿಲ್ಲೆಯ ಕೆಳಗೆ ಹುಡುಕಬೇಕಾಗುತ್ತದೆ. ಎಂ. ಎಸ್. ನಾಗರಾಜರಾಯರು ೧೯೬೨ರಲ್ಲಿ ಈ ನೆಲೆಯನ್ನು ಗುರುತಿಸಿ, ೧೯೬೫ರಲ್ಲಿ ಅಗೆಸಿ ನೋಡಿದರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಅಲ್ಲಿ ದುಂಡನೆಯ ಗುಡಿಸಲುಗಳಲ್ಲಿ ಜನರು ಬಾಳಿದ್ದರು. ನೆಲಕ್ಕೆ ಪದರುಗಲ್ಲಿನ ಚೂರುಗಳನ್ನು ಹಾಸಿದ್ದರು. ನಯಗೊಳಿಸಿದ ಕಲ್ಲುಕೊಡಲಿಯನ್ನೂ ಸಣ್ಣ ಕಲ್ಲಿನ ಅಲಗನ್ನೂ ಬಳಸುತ್ತಿದ್ದರು. ಕ್ರಿಸ್ತಪೂರ್ವ ಒಂದು ಸಾವಿರದ ಸುಮಾರಿಗೆ ಅದೇ ದಿಬ್ಬದ ಮೇಲಿನ ಪದರುಗಳಲ್ಲಿ ಕಬ್ಬಿಣದ ಬಾಣದ ಮೊನೆಗಳೂ ಚೂರಿಗಳೂ ಕಾಣಿಸಿಕೊಂಡವು. ದಕ್ಷಿಣ ಭಾರತದಲ್ಲಿ ಕಬ್ಬಿಣವು ಬಂದ ಕಾಲವನ್ನು ಚರ್ಚಿಸುವವರು ಯಾರೂ ಹಳ್ಳೂರಿನ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. ಕಲ್ಲಿನ ಯುಗವು ಮುಗಿದು ಕಬ್ಬಿಣದ ಯುಗವು ತೊಡಗಿದ ಸಂಧಿಯು ನಮ್ಮ ಹೊಳೆಯ ದಂಡೆಯಲ್ಲಿಯೇ ಮಣ್ಣಿನ ಪದರುಗಳಾಗಿ ಉಳಿದಿದೆ. ರಾಣೇಬೆನ್ನೂರಿನವರಿಗಾಗಲಿ ಬ್ಯಾಡಗಿಯವರಿಗಾಗಲಿ ಇದು ದೂರದ ದೇಶದ ಕಥೆಯಲ್ಲ.

೩

ಒಡೆದು ಕಲಿಯುವದರಿಂದ ಇತಿಹಾಸಕ್ಕೆ ಲಾಭವೇನೆಂದು ಕೇಳುವವರಿಗೆ ಉತ್ತರವು ಕನ್ನಡ ನಾಡಿನಲ್ಲಿಯೇ ಇದೆ. ಸುರಪುರದ ಸೀಮೆಯ ಹುಣಸಗಿ ಬಯಲಿನಲ್ಲಿ ಇಸಾಂಪುರವೆಂಬ ಹಳ್ಳಿಯಿದೆ; ಈಗ ಅದು ಯಾದಗಿರಿ ಜಿಲ್ಲೆಯಲ್ಲಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹಲವು ದಶಕಗಳ ಕಾಲ ಈ ಬಯಲನ್ನು ಕಾಲ್ನಡಿಗೆಯಲ್ಲಿ ಶೋಧಿಸಿ, ೧೯೯೭ರಿಂದ ೨೦೦೧ರ ವರೆಗೆ ಇಸಾಂಪುರದಲ್ಲಿ ಉತ್ಖನನವನ್ನು ನಡೆಸಿದರು. ಅಲ್ಲಿ ನೆಲದಿಂದ ಸುಣ್ಣಗಲ್ಲಿನ ಚಪ್ಪಡಿಗಳು ಏಳುತ್ತವೆ. ಬೆಣಚಿನ ಅಂಶವು ಬೆರೆತು ಗಟ್ಟಿಯಾದ ಸುಣ್ಣಗಲ್ಲದು. ಆದಿಮಾನವರು ಆ ಚಪ್ಪಡಿಗಳನ್ನು ಎತ್ತಿ, ಅಲ್ಲಿಯೇ ಕುಳಿತು, ಕೈಗೊಡಲಿಗಳನ್ನೂ ಅಗಲಬಾಯಿಯ ಸೀಳುಗೊಡಲಿಗಳನ್ನೂ ಮಾಡಿದರು. ಮಾಡಿದವರ ಹೊಡೆತಗಲ್ಲುಗಳೂ, ಅರ್ಧಕ್ಕೆ ಬಿಟ್ಟ ಆಯುಧಗಳೂ, ಚಕ್ಕೆಗಳ ರಾಶಿಯೂ ಬಿದ್ದಲ್ಲಿಯೇ ಬಿದ್ದಿದ್ದವು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಹೊಳಪುಪದರವನ್ನು ಪರೀಕ್ಷಿಸಿ ಆ ಕಮ್ಮಟಕ್ಕೆ ಸುಮಾರು ೧೨ ಲಕ್ಷ ವರ್ಷಗಳ ವಯಸ್ಸನ್ನು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಚಕ್ಕೆಗಳ ಈ ರಾಶಿಯಿಂದ ಏನನ್ನು ತಿಳಿಯಬೇಕು? ಸೆರಿ ಶಿಪ್ಟನ್, ಮೈಕಲ್ ಪೆಟ್ರಾಗ್ಲಿಯಾ ಹಾಗೂ ಪದ್ದಯ್ಯನವರು ಸೇರಿ, ಇಸಾಂಪುರದ ಆಯುಧಗಳನ್ನು ಹೊಸದಾಗಿ ಮಾಡಿ ನೋಡುವ ಪ್ರಯೋಗಗಳನ್ನು ಕೈಕೊಂಡು, ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಾವು ಒಡೆದಾಗ ಬಿದ್ದ ಚಕ್ಕೆಗಳನ್ನು ಮಣ್ಣಿನಿಂದ ಬಂದ ಚಕ್ಕೆಗಳೊಡನೆ ಹೋಲಿಸಿ, ಯಾವ ಹಂತದಲ್ಲಿ ಎಂಥ ಚಕ್ಕೆ ಏಳುತ್ತದೆಂಬದನ್ನು ಕಂಡುಕೊಂಡರು. ತೆಳ್ಳನೆಯ ಚಪ್ಪಡಿಯನ್ನು ಸುತ್ತಲೂ ಸವರಿ ಕೈಗೊಡಲಿಯಾಗಿಸುವದು ಒಂದು ಕ್ರಮ. ದಪ್ಪ ಗುಂಡಿನಿಂದ ದೊಡ್ಡ ಚಕ್ಕೆಯನ್ನು ಕಿತ್ತು, ಆ ಚಕ್ಕೆಯನ್ನೇ ಸೀಳುಗೊಡಲಿಯಾಗಿಸುವದು ಇನ್ನೊಂದು. ಒಂದು ಕಲ್ಲನ್ನಾದರೂ ತಾವಾಗಿ ಒಡೆಯದೆ ಇದ್ದಿದ್ದರೆ ಈ ಹೋಲಿಕೆಗೆ ದಾರಿಯೇ ಇರುತ್ತಿರಲಿಲ್ಲ. ಹಿತ್ತಲಿನಲ್ಲಿ ಕುಳಿತ ವಿದ್ಯಾರ್ಥಿಯು ಮಾಡುವದು ಈ ಕೆಲಸದ ಮೊದಲನೆಯ ಪಾಠವನ್ನೇ.

೪

ಇನ್ನು ಕೆಲಸದ ರೀತಿ. ಯುರೋಪಿನ ಸೀಮೆಸುಣ್ಣದ ಗುಡ್ಡಗಳಲ್ಲಿ ದೊರೆಯುವ ಫ್ಲಿಂಟ್ ಎಂಬ ಕಲ್ಲು ಈ ಕೆಲಸಕ್ಕೆ ಹೆಸರಾದುದು. ಅದರ ಬಳಗಕ್ಕೆ ಸೇರಿದ ಚರ್ಟ್, ಜಾಸ್ಪರ್, ಅಗೇಟ್ ಮೊದಲಾದ ಕಲ್ಲುಗಳು ನಮ್ಮ ದಖನ್ ಭೂಮಿಯಲ್ಲಿ ದೊರೆಯುತ್ತವೆ. ಕಡ್ಡಿಪೆಟ್ಟಿಗೆ ಬರುವದಕ್ಕೆ ಮೊದಲು ನಮ್ಮ ಹಿರಿಯರು ಸಂಚಿಯಲ್ಲಿ ಇಟ್ಟುಕೊಂಡು ಬೆಂಕಿ ಹೊತ್ತಿಸುತ್ತಿದ್ದ ಚಕಮಕಿಯ ಕಲ್ಲನ್ನು ನೆನೆದರೆ ಈ ಜಾತಿಯ ಗುಣವು ತಿಳಿಯುವದು. ಇವುಗಳಲ್ಲಿ ಕಣ್ಣಿಗೆ ಕಾಣುವಂಥ ಹರಳುಗಳಿಲ್ಲ, ಕಟ್ಟಿಗೆಯಲ್ಲಿರುವಂಥ ನಾರೂ ಇಲ್ಲ. ಅದರಿಂದ ಪೆಟ್ಟಿನ ಬಲವು ಯಾವ ಅಡ್ಡಿಯೂ ಇಲ್ಲದೆ ಒಳಗೆ ಹರಡುತ್ತದೆ.

ಕಿಟಕಿಯ ಗಾಜಿಗೆ ಸಣ್ಣ ಕಲ್ಲು ರಭಸದಿಂದ ತಗಲಿದಾಗ ತೂತಿನ ಹಿಂಬದಿಯಲ್ಲಿ ಒಂದು ಸಣ್ಣ ಶಂಕುವಿನಾಕಾರವು ಕಿತ್ತುಹೋಗುವದನ್ನು ಹಲವರು ನೋಡಿರಬಹುದು. ಕಲ್ಲಿನೊಳಗೂ ಬಲವು ಹೀಗೆಯೇ ಶಂಕುವಾಗಿ ಇಳಿಯುತ್ತದೆ. ಅಂಚಿಗೆ ಸಮೀಪವಾಗಿ ಹೊಡೆದರೆ ಆ ಶಂಕುವಿನ ಒಂದು ಪಾಲು ಕಲ್ಲಿನಿಂದ ಬೇರ್ಪಟ್ಟು ಚಕ್ಕೆಯಾಗಿ ಬೀಳುತ್ತದೆ. ಚಕ್ಕೆಯ ಒಳಮೈಯ ಮೇಲ್ಭಾಗದಲ್ಲಿ ಒಂದು ಉಬ್ಬು ಉಳಿಯುವದು. ಅದರಿಂದ ಕೆಳಕ್ಕೆ ಕೊಳದ ನೀರಿನಲ್ಲಿ ಏಳುವಂಥ ಅಲೆಗಳು ಕಾಣುವವು. ಚಕ್ಕೆಯು ಬಿಟ್ಟುಬಂದ ಮೂಲಗಲ್ಲಿಗೆ ತಿರುಳುಗಲ್ಲೆಂದು ಹೆಸರು. ಅದರ ಮೈಮೇಲೆ ಉಬ್ಬಿಗೆ ಸರಿಯಾದ ಕುಳಿ ಉಳಿಯುತ್ತದೆ. ಬಿಸಿಲಿಗೋ ನೀರಿಗೋ ಬಂಡಿಯ ಗಾಲಿಗೋ ಸಿಕ್ಕಿ ಒಡೆದ ಕಲ್ಲಿನಲ್ಲಿ ಉಬ್ಬು, ಅಲೆ, ಕುಳಿ ಈ ಮೂರೂ ಒಂದು ಕ್ರಮದಿಂದ ಮತ್ತೆ ಮತ್ತೆ ಕಾಣುವದು ಅಪರೂಪ. ಒಂದೇ ಕಲ್ಲಿನ ಮೇಲೆ ಇಂಥ ಹಲವು ಕುಳಿಗಳು ಸಾಲಾಗಿ ಇದ್ದರೆ ಅಲ್ಲಿ ಕೈಯೂ ಇದ್ದಿತು, ಬುದ್ಧಿಯೂ ಇದ್ದಿತು ಎಂದು ತಿಳಿಯಬೇಕು.

ಅಭ್ಯಾಸಿಯು ನೆನಪಿಡಬೇಕಾದ ನಿಯಮಗಳು ಮೂರು. ಮೊದಲನೆಯದು, ಪೆಟ್ಟು ಬೀಳುವ ಮೇಲ್ಮೈಗೂ ಚಕ್ಕೆ ಏಳಬೇಕಾದ ಪಕ್ಕಕ್ಕೂ ನಡುವಿನ ಕೋನವು ಕಾಟಕೋನಕ್ಕಿಂತ ಕಡಿಮೆಯಾಗಿರಬೇಕು. ದುಂಡನೆಯ ಗುಂಡುಗಲ್ಲು ಎಷ್ಟು ಹೊಡೆದರೂ ಮಣಿಯದಿರುವದು ಇದೇ ಕಾರಣದಿಂದ; ಅದರಲ್ಲಿ ಅಂಥ ಅಂಚೇ ಇಲ್ಲ. ಎರಡನೆಯದು, ಪೆಟ್ಟು ಅಂಚಿನ ತುದಿಗೆ ಬೀಳದೆ, ತುಸು ಒಳಗೆ ಬೀಳಬೇಕು. ತೀರ ತುದಿಗೆ ಬಿದ್ದರೆ ಅಂಚು ಪುಡಿಯಾಗುವದು. ಬಹಳ ಒಳಗೆ ಬಿದ್ದರೆ ಏನೂ ಆಗುವದಿಲ್ಲ. ಮೂರನೆಯದು, ಪೆಟ್ಟಿನ ಕೆಳಗೆ ಪಕ್ಕದ ಮೇಲೆ ಒಂದು ಏಣು ಇರಬೇಕು. ನೀರು ಕಾಲುವೆಯನ್ನು ಹಿಡಿದು ಹರಿಯುವಂತೆ ಒಡಕು ಆ ಏಣನ್ನು ಹಿಡಿದು ಇಳಿಯುತ್ತದೆ. ಏಣು ಉದ್ದವಾಗಿದ್ದರೆ ಚಕ್ಕೆಯೂ ಉದ್ದ. ಹಳ್ಳೂರಿನಂಥ ನೆಲೆಗಳ ಜನರು ನೀಳವಾದ ಅಲಗುಗಳನ್ನು ಪಡೆದುದು ಈ ಗುಟ್ಟಿನಿಂದಲೇ: ಒಂದು ಅಲಗು ಬಿಟ್ಟುಹೋದ ಏಣೇ ಮುಂದಿನ ಅಲಗಿಗೆ ದಾರಿ.

ಇದರೊಡನೆ ಇನ್ನೊಂದು ಸಣ್ಣ ಉಪಾಯವಿದೆ. ಹೊಡೆಯುವದಕ್ಕೆ ಮೊದಲು ಅಂಚನ್ನು ಒರಟು ಕಲ್ಲಿನಿಂದ ನಾಲ್ಕು ಸಲ ತಿಕ್ಕಬೇಕು. ಚೂಪಾದ ಅಂಚು ನೋಡುವದಕ್ಕೆ ಚೆನ್ನಾಗಿದ್ದರೂ ಪೆಟ್ಟಿನ ಭಾರವನ್ನು ತಾಳಲಾರದು. ತಿಕ್ಕಿ ಮೊಂಡು ಮಾಡಿದ ಅಂಚು ತಾಳುತ್ತದೆ. ಹೊಸಬರು ಎಲ್ಲಕ್ಕಿಂತ ಮೊದಲು ಮರೆಯುವದು ಇದನ್ನೇ.

ಮೊದಲನೆಯ ತಿಂಗಳು ಬಾಣದ ಮೊನೆ, ಕೊಡಲಿ ಎಂಬ ಆಸೆಯನ್ನು ಇಟ್ಟುಕೊಳ್ಳಬಾರದು. ಒಂದು ತಿರುಳುಗಲ್ಲಿನಿಂದ ಒಂದು ಒಳ್ಳೆಯ ಚಕ್ಕೆ, ಮತ್ತೆ ಅದರ ಪಕ್ಕದಲ್ಲಿ ಇನ್ನೊಂದು, ಇಷ್ಟೇ ಗುರಿಯಾಗಿರಲಿ. ಒಂದು ಕಲ್ಲನ್ನು ಪೂರ್ತಿಯಾಗಿ ಒಡೆದ ಮೇಲೆ ಎಲ್ಲ ಚೂರುಗಳನ್ನೂ ಒಂದು ಅರಿವೆಯ ಮೇಲೆ ಹರವಿ, ಮತ್ತೆ ಮೊದಲಿನ ಕಲ್ಲಾಗುವಂತೆ ಜೋಡಿಸಿ ನೋಡಬೇಕು. ಎಲ್ಲಿ ಹೊಡೆದೆ, ಬಲವು ಎತ್ತ ಹೋಯಿತು, ಎಲ್ಲಿ ನಿಂತಿತು ಎಂಬದನ್ನು ಕಲ್ಲೇ ಹೇಳುತ್ತದೆ. ಬೇರೆ ಗುರುವು ದೊರೆಯದ ಊರಿನಲ್ಲಿ ಇದೇ ಗುರು.

೫

ಆದರೂ ಕಲ್ಲು ಕೆಡುತ್ತದೆ. ಒಡಕು ನಡುವೆಯೇ ನಿಂತು ಮೆಟ್ಟಿಲಿನಂಥ ಗಂಟು ಉಳಿಯುತ್ತದೆ. ಆ ಗಂಟನ್ನು ತೆಗೆಯಬೇಕೆಂದು ಹೊಸಬನು ಅದೇ ಜಾಗಕ್ಕೆ ಇನ್ನೂ ಜೋರಾಗಿ ಹತ್ತು ಸಲ ಹೊಡೆಯುತ್ತಾನೆ. ಗಂಟಿನ ಮೇಲೆ ಗಂಟು ಕೂಡುತ್ತದೆ. ಕೊನೆಗೆ ಕಲ್ಲು ಎರಡು ತುಂಡಾಗುತ್ತದೆ. ಇಲ್ಲಿ ನಿರಾಶರಾಗುವವರು ಫ್ರಾನ್ಸ್ ದೇಶದ ಒಂದು ಸಂಗತಿಯನ್ನು ಕೇಳಬೇಕು. ಪ್ಯಾರಿಸಿನ ದಕ್ಷಿಣಕ್ಕೆ ಸೇನ್ ನದಿಯ ದಂಡೆಯಲ್ಲಿ ಎತಿಯೋಲ್ ಎಂಬ ಊರಿದೆ. ಸುಮಾರು ೧೫ ಸಾವಿರ ವರ್ಷಗಳ ಹಿಂದೆ ಬೇಟೆಗಾರರು ಅಲ್ಲಿ ಬಿಡಾರ ಹೂಡಿ ಫ್ಲಿಂಟ್ ಕಲ್ಲಿನಿಂದ ಅಲಗುಗಳನ್ನು ತೆಗೆದಿದ್ದರು. ಸಂಶೋಧಕರು ಅಲ್ಲಿಯ ಚೂರುಗಳನ್ನು ತಾಳ್ಮೆಯಿಂದ ಜೋಡಿಸಿ ಮೊದಲಿನ ಗುಂಡುಗಳನ್ನಾಗಿ ಮಾಡಿದಾಗ ಒಂದು ವಿಷಯವು ಹೊರಬಿದ್ದಿತು. ಒಲೆಯ ಹತ್ತಿರ ಕುಳಿತವರ ಕೆಲಸವು ಉತ್ತಮವಾದುದು. ಒಳ್ಳೆಯ ಕಲ್ಲೂ ಅವರದೇ. ಒಲೆಯಿಂದ ದೂರ ದೂರ ಹೋದಂತೆ ಕೆಲಸವು ಒರಟಾಗುತ್ತದೆ, ಅಲಗುಗಳು ನಡುವೆಯೇ ತುಂಡಾಗುತ್ತವೆ, ಒಂದೇ ಜಾಗಕ್ಕೆ ಸುಮ್ಮನೆ ಹೊಡೆದ ಗುರುತುಗಳು ಕಾಣುತ್ತವೆ. ಬಲ್ಲವರು ಬೆಂಕಿಯ ಬಳಿ ಕುಳಿತು ಮಾಡುವಾಗ ಕಲಿಯುವವರು ಅಂಚಿನಲ್ಲಿ ಕುಳಿತು ಅನುಕರಿಸುತ್ತಿದ್ದರೆಂದು ಪಂಡಿತರು ಇದರಿಂದ ಊಹಿಸಿದ್ದಾರೆ. ಕಲಿಯುತ್ತಿದ್ದ ಒಬ್ಬನ ಕೆಟ್ಟ ಹೊಡೆತವು ಹೀಗೆ ಹದಿನೈದು ಸಾವಿರ ವರ್ಷಗಳ ಬಳಿಕ ಆ ಬಿಡಾರದಲ್ಲಿ ಶಿಕ್ಷಣವೆಂಬುದು ಇದ್ದಿತೆಂಬದಕ್ಕೆ ಸಾಕ್ಷಿಯಾಯಿತು. ಎಲ್ಲರೂ ಒಂದೇ ದಿನದಲ್ಲಿ ನಿಪುಣರಾಗಿದ್ದರೆ ಈ ಸಾಕ್ಷಿಯು ನಮಗೆ ದೊರೆಯುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಇಂದಿಗೂ ಕಲ್ಲೊಡೆದು ಜೀವಿಸುವ ಕುಶಲಿಗಳು ಗುಜರಾತದ ಖಂಭಾತದಲ್ಲಿ ಇದ್ದಾರೆ. ಅಕೀಕದ ಮಣಿಗಳನ್ನು ಮಾಡುವ ಇವರು ಕಲ್ಲನ್ನು ಮೊದಲು ಮಂದವಾದ ಬೆಂಕಿಯಲ್ಲಿ ಕಾಯಿಸುತ್ತಾರೆ. ಅದರಿಂದ ಬಣ್ಣವು ಕೆಂಪೇರುವದು, ಕಲ್ಲೂ ಹದವಾಗುವದು. ನೆಲದಲ್ಲಿ ನೆಟ್ಟ ಚೂಪಾದ ಕಬ್ಬಿಣದ ಮೊನೆಗೆ ಕಲ್ಲನ್ನು ಒತ್ತಿ ಹಿಡಿದು, ತೆಳ್ಳನೆಯ ಹಿಡಿಗೆ ಸಿಕ್ಕಿಸಿದ ಕೋಣದ ಕೊಂಬಿನ ಸುತ್ತಿಗೆಯಿಂದ ಹೊಡೆಯುತ್ತಾರೆ. ವಾಲೆಂಟಿನ್ ರೂ ಹಾಗೂ ಬ್ಲಾಂದಿನ್ ಬ್ರಿಲ್ ಎಂಬ ಫ್ರೆಂಚ್ ವಿದುಷಿಯರು ಈ ಕೆಲಸಗಾರರ ಕೈಚಳಕವನ್ನು ಅಭ್ಯಸಿಸಿ ೧೯೯೫ರಲ್ಲಿ ಬರೆದ ಪ್ರಬಂಧವು ಕಲಿಯುವವರೆಲ್ಲ ತಿಳಿಯಬೇಕಾದುದು. ಸಾಧಾರಣ ಮಣಿಗಳಿಗೆ ಎರಡು ಮೂರು ವರ್ಷಗಳ ಕಲಿಕೆ ಸಾಕಾದರೆ, ಉದ್ದವಾದ ಉತ್ತಮ ಮಣಿಗಳಿಗೆ ಏಳರಿಂದ ಹತ್ತು ವರ್ಷಗಳು ಬೇಕು. ಕಠಿಣವಾದುದು ಯಾವುದು? ಯಾವ ಕ್ರಮದಲ್ಲಿ ಚಕ್ಕೆಗಳನ್ನು ತೆಗೆಯಬೇಕೆಂಬ ಯೋಜನೆಯನ್ನು ಹೊಸಬರೂ ಬೇಗನೆ ಬಲ್ಲರು. ಒಂದು ಪೆಟ್ಟನ್ನು ಬೇಕಾದಷ್ಟೇ ಬಲದಿಂದ ಬೇಕಾದ ಜಾಗಕ್ಕೆ ಹಾಕುವದು ವರ್ಷಗಳನ್ನು ತಿನ್ನುತ್ತದೆ. ಸಂಗೀತವನ್ನು ಕಲಿತವರಿಗೆ ಇದು ಹೊಸ ಮಾತಲ್ಲ. ರಾಗದ ಲಕ್ಷಣವನ್ನು ಒಂದು ಗಂಟೆಯಲ್ಲಿ ಬಾಯಿಪಾಠ ಮಾಡಬಹುದು. ಷಡ್ಜವು ನಿಲ್ಲುವದಕ್ಕೆ ವರ್ಷಗಳೇ ಬೇಕು. ಆದುದರಿಂದ ಹದಿನೈದು ದಿನಗಳಲ್ಲಿ ಕೈ ಕೂಡಲಿಲ್ಲವೆಂದು ಬಿಡುವವರು ತಮಗೆ ಬುದ್ಧಿ ಸಾಲದೆಂದು ತಿಳಿಯಬೇಕಾಗಿಲ್ಲ.

ಒಳ್ಳೆಯ ಕಲ್ಲು ದೊರೆಯದೆಂಬ ಚಿಂತೆಗೂ ಸಮಾಧಾನವಿದೆ. ೧೯೧೧ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ತನ್ನ ಜನರೆಲ್ಲ ಅಳಿದುಹೋಗಿ ಒಬ್ಬನೇ ಉಳಿದಿದ್ದ ಯಾಹಿ ಕುಲದ ಮನುಷ್ಯನೊಬ್ಬನು ನಾಗರಿಕರ ಕಣ್ಣಿಗೆ ಬಿದ್ದನು. ಇಶಿ ಎಂದು ಅವನನ್ನು ಕರೆದರು. ೧೯೧೬ರಲ್ಲಿ ತೀರಿಕೊಳ್ಳುವ ವರೆಗೆ ಅವನು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದ್ದು ಬಾಣದ ಮೊನೆಗಳನ್ನು ಮಾಡಿ ತೋರಿಸಿದನು. ಅವನ ಅತ್ಯಂತ ಸುಂದರವಾದ ಮೊನೆಗಳಲ್ಲಿ ಹಲವು ಬಾಟಲಿಯ ಗಾಜಿನಿಂದ ಮಾಡಿದವು. ಆಸ್ಟ್ರೇಲಿಯದ ಮೂಲನಿವಾಸಿಗಳು ತಂತಿಕಂಬಗಳ ಪಿಂಗಾಣಿಯಿಂದ ಭರ್ಜಿಯ ಮೊನೆಗಳನ್ನು ಮಾಡಿಕೊಂಡಿದ್ದರು. ಕಲ್ಲು ಒಡೆಯುವ ನಿಯಮವು ಗಾಜಿಗೂ ಪಿಂಗಾಣಿಗೂ ಒಂದೇ. ದಪ್ಪ ಬಾಟಲಿಯ ತಳ, ಒಡೆದ ಪಿಂಗಾಣಿಯ ಹಂಚು, ಇವು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಊರುಗಳ ತಿಪ್ಪೆಗಳಲ್ಲಿ ಧಾರಾಳವಾಗಿ ದೊರೆಯುತ್ತವೆ.

೬

ನಮ್ಮ ತುಂಗಭದ್ರೆಯ ಸೀಮೆಯವರಿಗೆ ಇನ್ನೊಂದು ದಾರಿಯೂ ಇದೆ. ನವಶಿಲಾಯುಗದ ಕೊಡಲಿಯು ಚಕ್ಕೆಯ ಕೆಲಸದಿಂದಲೇ ಮುಗಿಯುವದಿಲ್ಲ. ಸಂಗನಕಲ್ಲಿನ ಕಮ್ಮಟದಲ್ಲಿ ಕರಿಕಲ್ಲಿನ ಗುಂಡನ್ನು ಮೊದಲು ಹೊಡೆದು ಕೊಡಲಿಯ ಆಕಾರಕ್ಕೆ ತರುತ್ತಿದ್ದರು. ಆಮೇಲೆ ಗುಂಡುಗಲ್ಲಿನಿಂದ ಮೆಲ್ಲನೆ ಕುಟ್ಟಿ ಕುಟ್ಟಿ ಏಣುಗಳನ್ನು ಸವೆಸುತ್ತಿದ್ದರು. ಕೊನೆಗೆ ಬಂಡೆಯ ಮೇಲೆ ಉಜ್ಜಿ ಬಾಯಿಯನ್ನು ಹರಿತಗೊಳಿಸಿ ನಯ ಮಾಡುತ್ತಿದ್ದರು. ಹಾಗೆ ಉಜ್ಜಿದ ಗಾಡಿಗಳು ಇಂದಿಗೂ ಅಲ್ಲಿಯ ಬಂಡೆಗಳ ಮೇಲೆ ಇವೆ. ಬಿ. ಸುಬ್ಬರಾಯರು ಅಲ್ಲಿ ಅಗೆಸಿ, ೧೯೪೮ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಮೇಲೆ ಗ್ರಂಥವನ್ನು ಪ್ರಕಟಿಸಿದರು. ಈಚಿನ ವರ್ಷಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ ಅವರೂ ಅವರ ಸಂಗಡಿಗರೂ ಆ ಶೋಧವನ್ನು ಬಹಳ ದೂರ ಒಯ್ದಿದ್ದಾರೆ.

ಕುಟ್ಟುವದು, ಉಜ್ಜುವದು, ಇವೆರಡೂ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ನುಣುಪಾದ ಬೀಸುವ ಕಲ್ಲನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುವವರು ಓಣಿಗೆ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಬ್ಯಾಡಗಿಯ ಮೆಣಸಿನಕಾಯಿಯನ್ನು ಅರೆದು ಅರೆದು ಒರಳಿನ ನಡುವೆ ಕುಳಿ ಬಿದ್ದುದನ್ನು ನೋಡದ ಗೃಹಿಣಿ ಯಾರು? ಕಲ್ಲು ಕಲ್ಲನ್ನು ಹೇಗೆ ಸವೆಸುತ್ತದೆಂಬ ತಿಳಿವಳಿಕೆಯು ನಮ್ಮ ಅಡಿಗೆಮನೆಯಲ್ಲಿ ಈಗಾಗಲೇ ಇದೆ. ಚಕ್ಕೆಯ ಕೆಲಸದಲ್ಲಿ ಕೈ ಸೋತವನು ಕರಿಕಲ್ಲಿನ ಒಂದು ತುಂಡನ್ನು ಒದ್ದೆಮಾಡಿ ಮರಳುಗಲ್ಲಿನ ಮೇಲೆ ದಿನವೂ ಅರ್ಧ ಗಂಟೆ ಉಜ್ಜಿದರೆ ಕೆಲವು ವಾರಗಳಲ್ಲಿ ಬಾಯಿಯು ಮೂಡುವದು. ಅಂಥ ಕೊಡಲಿಯೊಂದನ್ನು ಕೈಯಾರೆ ಮುಗಿಸಿದವನಿಗೆ ಹಳ್ಳೂರಿನ ಒಂದೊಂದು ಕೊಡಲಿಯೂ ಎಷ್ಟು ದಿನಗಳ ಬೆವರೆಂಬದು ಲೆಕ್ಕವಿಲ್ಲದೆಯೇ ತಿಳಿಯುತ್ತದೆ.

೭

ಪ್ರೋತ್ಸಾಹದ ಮಾತಿನೊಡನೆ ಎಚ್ಚರಿಕೆಯ ಮಾತೂ ಸೇರಬೇಕು. ಮೊದಲು ಶರೀರದ ವಿಷಯ. ಹೊಸ ಚಕ್ಕೆಯ ಅಂಚು ಕ್ಷೌರದ ಕತ್ತಿಗಿಂತ ಹರಿತ. ಕಣ್ಣಿಗೆ ಕನ್ನಡಕವಿಲ್ಲದೆ, ತೊಡೆಯ ಮೇಲೆ ದಪ್ಪ ಚರ್ಮವಿಲ್ಲದೆ, ಕಲ್ಲು ಹಿಡಿದ ಕೈಗೆ ಕೈಚೀಲವಿಲ್ಲದೆ ಒಂದು ಪೆಟ್ಟನ್ನೂ ಹಾಕಬಾರದು. ಇದಕ್ಕಿಂತ ದೊಡ್ಡ ವೈರಿಯು ಕಣ್ಣಿಗೆ ಕಾಣದ ದೂಳು. ಖಂಭಾತದ ಅಕೀಕದ ಕೆಲಸಗಾರರಲ್ಲಿ ಅನೇಕರು ಕಲ್ಲಿನ ದೂಳು ಪುಪ್ಪುಸದಲ್ಲಿ ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗಕ್ಕೆ ತುತ್ತಾಗಿದ್ದಾರೆ. ಅದರಿಂದ ಬಯಲಿನಲ್ಲಿ, ಗಾಳಿಗೆ ಬೆನ್ನುಮಾಡಿ ಕೂಡಬೇಕು. ಬಾಯಿ ಮೂಗುಗಳಿಗೆ ತಕ್ಕ ಮುಸುಕು ಇರಬೇಕು. ಉಜ್ಜುವಾಗ ಕಲ್ಲನ್ನು ಸದಾ ಒದ್ದೆಯಾಗಿ ಇಡಬೇಕು. ಮನೆಯೊಳಗೆ ಈ ಕೆಲಸವನ್ನು ಎಂದಿಗೂ ಮಾಡಬಾರದು. ಮಕ್ಕಳು ಹಿರಿಯರ ಎದುರಿನಲ್ಲಿಯೇ ಮಾಡಬೇಕು.

ಎರಡನೆಯದು ಕಾಯದೆಯ ವಿಷಯ. ಪಾಶ್ಚಾತ್ಯರು ಮೃದುವಾದ ಪೆಟ್ಟಿಗಾಗಿ ಜಿಂಕೆಯ ಕೊಂಬನ್ನು ಬಳಸುತ್ತಾರೆ. ರಾಣೇಬೆನ್ನೂರಿನ ಸುತ್ತಲಿನ ಬಯಲು ಕೃಷ್ಣಮೃಗಗಳ ಬೀಡು. ೧೯೭೪ರಲ್ಲಿ ಅದು ಅಭಯಾರಣ್ಯವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯದೆಯಂತೆ ಆ ಪ್ರಾಣಿಯ ಕೊಂಬನ್ನು ಇಟ್ಟುಕೊಳ್ಳುವದೂ ಅಪರಾಧ. ಗಟ್ಟಿ ಕಟ್ಟಿಗೆಯ ಕೊಡತಿಯೂ ತಾಮ್ರದ ಮೊನೆಯೂ ಅದೇ ಕೆಲಸವನ್ನು ಮಾಡುತ್ತವೆ.

ಮೂರನೆಯದು ಇತಿಹಾಸದ ವಿಷಯ; ಇದು ಎಲ್ಲಕ್ಕಿಂತ ದೊಡ್ಡದು. ಹೊಲದಲ್ಲಿ ದೊರೆತ ಹಳೆಯ ಆಯುಧವನ್ನಾಗಲಿ ಹಳೆಯ ತಿರುಳುಗಲ್ಲನ್ನಾಗಲಿ ಎಂದಿಗೂ ಒಡೆಯಬಾರದು. ಶಾಸನದ ಮೇಲೆ ಉಳಿ ಹೊಡೆಯುವದಕ್ಕೂ ಇದಕ್ಕೂ ಭೇದವಿಲ್ಲ. ಹಳೆಯ ನೆಲೆಯಿಂದ ಕಲ್ಲನ್ನು ಎತ್ತಿ ತರುವದೂ ಸಲ್ಲದು. ಇದ್ದ ಜಾಗವನ್ನು ಬಿಟ್ಟ ಆಯುಧವು ಪುಟದಿಂದ ಹರಿದ ಅಕ್ಷರದಂತೆ ಅರ್ಥವನ್ನು ಕಳೆದುಕೊಳ್ಳುತ್ತದೆ. ಕಂಡುದನ್ನು ಕಂಡಲ್ಲಿಯೇ ಬಿಟ್ಟು, ಚಿತ್ರ ತೆಗೆದು, ಊರು, ಹೊಲ, ದಿಕ್ಕುಗಳನ್ನು ಬರೆದುಕೊಂಡು, ರಾಜ್ಯ ಪುರಾತತ್ತ್ವ ಇಲಾಖೆಗೋ ವಿಶ್ವವಿದ್ಯಾಲಯಕ್ಕೋ ತಿಳಿಸಬೇಕು.

ಅಂತೆಯೇ ತಾನು ಹೊಸದಾಗಿ ಒಡೆದ ಚೂರುಗಳನ್ನು ಹೊಲದಲ್ಲಿಯೋ ಹೊಳೆಯ ದಂಡೆಯಲ್ಲಿಯೋ ಚೆಲ್ಲಬಾರದು. ಕಲ್ಲು ಕೊಳೆಯುವದಿಲ್ಲ. ವರದೆಯ ದಂಡೆಯಲ್ಲಿ ಇಂದು ಚೆಲ್ಲಿದ ನಮ್ಮ ಚಕ್ಕೆಗಳನ್ನು ನಾಳಿನ ಸಂಶೋಧಕನು ಆದಿಮಾನವನ ಚಕ್ಕೆಗಳೆಂದು ಎಣಿಸಿದರೆ, ಒಂದು ಊರಿನ ಪ್ರಾಚೀನತೆಯೇ ಸುಳ್ಳಾಗಿ ಬರೆಯಲ್ಪಡುವದು. ಆದಕಾರಣ ಒಡೆಯುವಾಗ ಕೆಳಗೆ ಗುಡಾರವನ್ನು ಹಾಸಬೇಕು. ಚೂರುಗಳನ್ನೆಲ್ಲ ಕೂಡಿಸಿ ಡಬ್ಬಿಯಲ್ಲಿ ಇಡಬೇಕು. ಎಸೆಯುವದಾದರೆ ಗಾಜಿನ ಬಾಟಲಿಯ ಚೂರೊಂದನ್ನೂ ಒಂದು ನಾಣ್ಯವನ್ನೂ ಜೊತೆಗೆ ಹಾಕಿ ಒಂದೇ ಕುಣಿಯಲ್ಲಿ ಹೂಳಬೇಕು. ನಾಣ್ಯದ ಮೇಲಿನ ವರ್ಷವು ಆ ರಾಶಿಯ ವಯಸ್ಸನ್ನು ಮುಂದಿನವರಿಗೆ ಹೇಳುತ್ತದೆ. ಮಾಡಿ ಮುಗಿಸಿದ ಆಯುಧದ ಮೇಲೆ ತನ್ನ ಹೆಸರನ್ನೂ ತಾರೀಖನ್ನೂ ಅಳಿಯದ ಮಸಿಯಿಂದ ಬರೆಯಬೇಕು.

೮

ಕಲಿಯುವದಕ್ಕೆ ಮನಸ್ಸಾದವರು ಮೊದಲು ಒಳ್ಳೆಯ ಮಾದರಿಗಳನ್ನು ಕಣ್ಣಾರೆ ನೋಡಬೇಕು. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಒಂದು ದಿನದ ಪ್ರಯಾಣವು ಹತ್ತು ಪುಸ್ತಕಗಳ ಓದಿಗೆ ಸಮ. ಅದರ ಬಳಿಕ ಒಬ್ಬರೇ ಮಾಡದೆ ಇಬ್ಬರು ಮೂವರು ಕೂಡಿ ಮಾಡುವದು ಲೇಸು. ಒಬ್ಬನು ಹೊಡೆಯುವಾಗ ಇನ್ನೊಬ್ಬನು ನೋಡಿ ಬರೆದಿಟ್ಟುಕೊಳ್ಳಬಹುದು; ಒಬ್ಬನು ಬೇಸತ್ತಾಗ ಇನ್ನೊಬ್ಬನು ಕುಳ್ಳಿರಿಸಬಹುದು. ಎತಿಯೋಲಿನ ಬಿಡಾರದಲ್ಲಿಯೂ ಕಲಿಯುವವರು ಒಬ್ಬಂಟಿಗರಾಗಿರಲಿಲ್ಲ.

ಮನೆಯ ಹಿರಿಯರಿಗೆ ಒಂದು ವಿಜ್ಞಾಪನೆ. ಹಿತ್ತಲಿನಲ್ಲಿ ಕುಟ್ಟುವ ಸಪ್ಪಳವನ್ನು ಕೇಳಿ ನಗಬೇಡಿರಿ. ಐವತ್ತು ಕಲ್ಲುಗಳನ್ನು ಕೆಡಿಸಿದ ಹುಡುಗನ ಕಣ್ಣು ಮೊದಲಿನ ಕಣ್ಣಾಗಿ ಉಳಿದಿರುವದಿಲ್ಲ. ತುಂಗಭದ್ರೆ, ವರದೆ, ಕುಮುದ್ವತಿಗಳ ದಂಡೆಗಳಲ್ಲಿ ಇನ್ನೂ ಯಾರ ಲಕ್ಷ್ಯಕ್ಕೂ ಬರದ ದಿಬ್ಬಗಳು ಇರಬಹುದು. ಮಣ್ಣು ತೆಗೆಯುವ ಯಂತ್ರವು ಅವುಗಳಲ್ಲಿ ಒಂದರ ಅಂಚಿಗೆ ಬಂದು ನಿಂತ ದಿನ, ಅಲ್ಲಿ ಬಿದ್ದ ಕರಿಯ ಚೂರನ್ನು ಎತ್ತಿ ನೋಡಿ, ಉಬ್ಬನ್ನೂ ಅಲೆಯನ್ನೂ ಗುರುತಿಸಿ, ಕೆಲಸವನ್ನು ನಿಲ್ಲಿಸಿರೆಂದು ಹೇಳಬಲ್ಲವನು ಒಬ್ಬನಾದರೂ ಊರಿಗೆ ಬೇಕು. ಪಂಡಿತರು ಧಾರವಾಡದಿಂದಲೋ ಪುಣೆಯಿಂದಲೋ ಬರುವ ಹೊತ್ತಿಗೆ ದಿಬ್ಬವು ಉಳಿದಿರುವದಿಲ್ಲ. ಊರಿನವನು ಊರಿನಲ್ಲಿಯೇ ಇರುತ್ತಾನೆ. ಅಂಥವನನ್ನು ಸಿದ್ಧಗೊಳಿಸುವ ಕೆಲಸವು ಇಂದು ಕೆಡುತ್ತಿರುವ ಆ ಕಲ್ಲುಗಳಿಂದಲೇ ಆಗಬೇಕಾಗಿದೆ.